ಕೆಂಪು ಶಾಯಿಯ ಎರಡು ಗೆರೆ: ದಾಖಲಾತಿ ಪುಸ್ತಕದಿಂದ ಸಾರಾಂಶ ಕೋಷ್ಟಕದವರೆಗೆ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ ದಾಖಲೆಗಳ ಪ್ರದರ್ಶನದ ಉದ್ಘಾಟನಾ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಠ್ಯ)



ಶಾಲೆಯ ವರದಿಯನ್ನು ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ಆದುದರಿಂದ ಆ ಹೊರೆ ನಮಗಿಲ್ಲ. ಪಕ್ಕದ ಕೊಠಡಿಯ ಗೋಡೆಯ ಮೇಲೆ ತೂಗುಹಾಕಿರುವ ಒಂದು ಕೋಷ್ಟಕದ ಕುರಿತು ಮಾತ್ರ ನಾಲ್ಕು ಮಾತುಗಳನ್ನಾಡಲು ಅಪ್ಪಣೆ ಬೇಡುತ್ತೇವೆ. ನೂರು ವರ್ಷಗಳಲ್ಲಿ ಈ ಶಾಲೆಯ ಮೆಟ್ಟಿಲು ಹತ್ತಿದ ಮಕ್ಕಳ ಲೆಕ್ಕ ಅದು. ದಶಕಕ್ಕೊಂದು ಸಾಲು, ಗಂಡು, ಹೆಣ್ಣು, ಮನೆಮಾತು ಎಂಬ ಕಂಬಗಳು, ಕೆಳಗೆ ಒಟ್ಟು ಮೊತ್ತ. ನಿನ್ನೆ ಅದನ್ನು ಕಂಡ ಹಿರಿಯರೊಬ್ಬರು, "ಟೀಚರೇ, ಇಷ್ಟು ದಿನ ಕೂತು ಮಾಡಿದ್ದು ಇದೊಂದು ಹಾಳೆಯೋ?" ಎಂದು ಕೇಳಿದರು. ಹೌದು, ಆ ಒಂದು ಹಾಳೆಯೇ. ಅದರೊಳಗಿನ ಅಂಕಿಗಳನ್ನು ಗಣಕಯಂತ್ರವು ಕ್ಷಣಮಾತ್ರದಲ್ಲಿ ಕೂಡಿಸಿ ಕೊಟ್ಟಿತು. ಆ ಅಂಕಿಗಳನ್ನು ನೋಡುವವರ ಕಣ್ಣಿಗೆ ಸರಿಯಾಗಿ ಕಾಣುವಂತೆ ಮಾಡಲು ನಮಗೆ ಒಂದು ಮಳೆಗಾಲವೇ ಬೇಕಾಯಿತು.

ನಮ್ಮಲ್ಲಿ ಉಳಿದಿರುವ ದಾಖಲಾತಿ ಪುಸ್ತಕಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇರಿಸಿದ್ದೇವೆ. ಎರಡು ಪುಸ್ತಕಗಳು ಗೆದ್ದಲಿಗೂ ಮಳೆನೀರಿಗೂ ಆಹುತಿಯಾಗಿವೆ. ಉಳಿದವನ್ನು ತೆರೆದು ನೋಡಿದವರಿಗೆ ಒಂದು ಸಂಗತಿ ಕಂಡುಬರುತ್ತದೆ. ಮಕ್ಕಳ ಹೆಸರು, ಹೆತ್ತವರ ಹೆಸರು, ಹುಟ್ಟಿದ ದಿನ, ಇವೆಲ್ಲ ನೀಲಿಗಪ್ಪು ಶಾಯಿಯಲ್ಲಿವೆ. ತರಗತಿಯ ಲೆಕ್ಕ ಮುಗಿದಲ್ಲಿ ಕೆಂಪು ಶಾಯಿಯ ಒಂದು ಗೆರೆ. ವರ್ಷದ ಲೆಕ್ಕ ಮುಗಿದಲ್ಲಿ ಕೆಂಪು ಶಾಯಿಯ ಎರಡು ಗೆರೆ. ಪುಸ್ತಕದಿಂದ ಪುಸ್ತಕಕ್ಕೆ ಕೈಬರಹ ಬದಲಾಗಿದೆ; ಒಬ್ಬರದು ಮುತ್ತು ಪೋಣಿಸಿದಂತೆ, ಇನ್ನೊಬ್ಬರದು ಓದಲು ಭೂತಗನ್ನಡಿ ಬೇಕು. ಆದರೆ ಗೆರೆಗಳು ಬದಲಾಗಿಲ್ಲ. ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಾಗಿದ್ದಾಗಲೂ, 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ಬಳಿಕವೂ, 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ ಮೇಲೂ ಒಂದು ಗೆರೆಯೆಂದರೆ ಉಪಮೊತ್ತ, ಎರಡು ಗೆರೆಯೆಂದರೆ ಒಟ್ಟು ಮೊತ್ತ. ಪುಟ ತಿರುವುವವನಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಈ ಗೆರೆಗಳ ಬೆಲೆ ನಮಗೆ ತಿಳಿದದ್ದು ನಾವು ಅವನ್ನು ಬಿಟ್ಟಾಗ. ಆ ತಪ್ಪನ್ನು ಈ ವೇದಿಕೆಯಲ್ಲಿ ಹೇಳಿಕೊಳ್ಳುವುದು ಶೋಭೆಯಲ್ಲವೆಂದು ಕೆಲವರಿಗೆ ತೋರಬಹುದು. ಹೇಳದೆ ಉಳಿದರೆ ಗೋಡೆಯ ಮೇಲಿನ ಹಾಳೆ ಅರ್ಥವಾಗದು.

ಕೆಲವು ವರ್ಷಗಳ ಹಿಂದಿನ ಜೂನ್ ತಿಂಗಳು. ಕೇರಳದ ಶಾಲೆಗಳಲ್ಲಿ ಕೆಲಸ ಮಾಡಿದವರಿಗೆ ಆರನೆಯ ಕೆಲಸದ ದಿನವೆಂದರೆ ಏನೆಂದು ಗೊತ್ತು. ಶಾಲೆ ತೆರೆದ ಆರನೆಯ ದಿನ ಎಷ್ಟು ಮಕ್ಕಳಿದ್ದಾರೆ ಎಂಬ ಲೆಕ್ಕದ ಮೇಲೆ ಆ ವರ್ಷದ ಶಿಕ್ಷಕ ಹುದ್ದೆಗಳು ನಿಲ್ಲುತ್ತವೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಬಂಧವು ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರೆಂದೂ 61ರಿಂದ 90ರ ತನಕ ಮೂವರೆಂದೂ ಹೇಳುತ್ತದೆ. 60ಕ್ಕೂ 61ಕ್ಕೂ ನಡುವೆ ಇರುವುದು ಒಂದು ಮಗು. ಗಡಿನಾಡಿನ ಕನ್ನಡ ಶಾಲೆಗಳು ಹಲವು ಆ ಒಂದು ಮಗುವಿನ ಬೆರಳು ಹಿಡಿದು ನಡೆಯುತ್ತಿವೆ.

ಆ ಜೂನ್‌ನ ನಾಲ್ಕನೆಯ ಕೆಲಸದ ದಿನ ರಕ್ಷಕ-ಶಿಕ್ಷಕ ಸಂಘದ ಕಾರ್ಯಕಾರಿ ಸಮಿತಿಯ ಸಭೆ ಇತ್ತು. ಅದಕ್ಕಾಗಿ ನಾವು ಸ್ಪ್ರೆಡ್‌ಶೀಟ್‌ನಲ್ಲಿ ಸಾರಾಂಶ ಕೋಷ್ಟಕವೊಂದನ್ನು ಸಿದ್ಧಪಡಿಸಿದ್ದೆವು. ಪಿವೋಟ್ ಟೇಬಲ್ ಎಂಬುದು ಅದರ ಹೆಸರು. ಮಗುವಿಗೊಂದು ಸಾಲಿನಂತೆ ಪಟ್ಟಿಯೊಂದಿರಬೇಕು. ತರಗತಿ, ಲಿಂಗ, ಮನೆಮಾತು ಎಂಬ ಶೀರ್ಷಿಕೆಗಳನ್ನು ಎಳೆದು ಸಾಲಿನಲ್ಲಿಯೋ ಕಂಬದಲ್ಲಿಯೋ ಇಟ್ಟರೆ ಯಂತ್ರವೇ ಎಣಿಸಿ ಕೊಡುತ್ತದೆ. ನಾವು ಮೊದಲು ಎಲ್.ಪಿ., ಯು.ಪಿ. ಎಂದೂ ಅದರೊಳಗೆ ತರಗತಿಯೆಂದೂ ಅದರೊಳಗೆ ಮನೆಮಾತೆಂದೂ ಒಡೆದಿದ್ದೆವು. ಆಮೇಲೆ ಒಂದೊಂದೇ ಕೋಶವನ್ನು ಆರಿಸಿ ಉಪಮೊತ್ತಗಳಿಗೆ ಹಳದಿ, ಒಟ್ಟು ಮೊತ್ತಕ್ಕೆ ದೊಡ್ಡ ಕೆಂಪು ಅಕ್ಷರ ಎಂದು ಕೈಯಾರೆ ಬಣ್ಣ ಬಳಿದೆವು. ಚೆಂದವಾಗಿಯೇ ಇತ್ತು.

ಮೂರನೆಯ ದಿನ ಸಂಜೆ ಇಬ್ಬರು ಮಕ್ಕಳು ಹೊಸದಾಗಿ ಸೇರಿದರು. ಸಂತೋಷದಿಂದ ಪಟ್ಟಿಗೆ ಎರಡು ಸಾಲು ಸೇರಿಸಿ ಕೋಷ್ಟಕವನ್ನು ನವೀಕರಿಸಿದೆವು. ರಿಫ್ರೆಶ್ ಎಂಬ ಆಜ್ಞೆ ಅದು. ನಮ್ಮ ಶಾಲೆಯ ಯಂತ್ರದಲ್ಲಿದ್ದ ಲಿಬ್ರೆ ಆಫೀಸ್ ಕ್ಯಾಲ್ಕ್ ಆವೃತ್ತಿಯು ನವೀಕರಿಸುವಾಗ ಕೋಷ್ಟಕವನ್ನು ಮೊದಲಿನಿಂದ ಹೊಸದಾಗಿ ಬರೆಯುತ್ತಿತ್ತು. ಕೈಯಾರೆ ಬಳಿದ ಬಣ್ಣವೆಲ್ಲ ಹೊಸಮಳೆಗೆ ರಂಗೋಲಿ ಅಳಿಸಿದಂತೆ ಅಳಿಸಿಹೋಯಿತು. ಉಳಿದದ್ದು ಯಂತ್ರದ ಸ್ವಂತ ಉಡುಗೆ. ಆ ಉಡುಗೆಯಲ್ಲಿ ಉಪಮೊತ್ತವೂ ದಪ್ಪ ಅಕ್ಷರ, ಒಟ್ಟು ಮೊತ್ತವೂ ದಪ್ಪ ಅಕ್ಷರ. ಹೆಸರುಗಳೂ ಒಂದೇ ಬಗೆಯವು: ಒಂದು 'ಎಲ್.ಪಿ. ರಿಸಲ್ಟ್', ಇನ್ನೊಂದು 'ಟೋಟಲ್ ರಿಸಲ್ಟ್'. ಬೆಳಗ್ಗೆ ಅವಸರದಲ್ಲಿ ಅಚ್ಚು ತೆಗೆದಾಗ ಕೋಷ್ಟಕವು ಎರಡು ಪುಟಗಳಿಗೆ ಹರಡಿತು. ಎಲ್.ಪಿ. ವಿಭಾಗದ ಉಪಮೊತ್ತವು ದಪ್ಪ ಅಕ್ಷರದಲ್ಲಿ ಮೊದಲ ಪುಟದ ತಳಕ್ಕೆ ಬಂದು ಕುಳಿತಿತು.

ಮುಂದೆ ನಡೆದುದನ್ನು ತಾವು ಊಹಿಸಬಲ್ಲಿರಿ. ಯಾರೋ ಮೊದಲ ಪುಟದ ಚಿತ್ರ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಕನ್ನಡ ಶಾಲೆಯಲ್ಲಿ ಇನ್ನು ಉಳಿದದ್ದು ಇಷ್ಟೇ ಮಕ್ಕಳು ಎಂಬ ಮಾತು ಸಂಜೆಯೊಳಗೆ ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿ ಬಂತು. ಮುಚ್ಚುವ ಶಾಲೆಗೆ ಮಗುವನ್ನು ಯಾರು ಕಳುಹಿಸುತ್ತಾರೆ? ಮರುದಿನ ಎರಡು ಮನೆಯವರು ವರ್ಗಾವಣೆ ಪತ್ರ ಕೇಳಿಕೊಂಡು ಬಂದರು. ನಾವು ಎರಡನೆಯ ಪುಟವನ್ನು ತೋರಿಸಿ ವಿವರಿಸಿದೆವು. ಒಂದು ಮನೆಯವರು ಮನಸ್ಸು ಬದಲಾಯಿಸಿದರು. ಇನ್ನೊಂದು ಮನೆಯವರು, "ಅದು ಹೌದು ಟೀಚರೇ, ಆದರೆ ಇನ್ನು ಮಾತು ಕೊಟ್ಟಾಗಿದೆ" ಎಂದು ಪತ್ರ ಪಡೆದು ಹೋದರು. ಆ ವರ್ಷ ನಮ್ಮಲ್ಲಿ ಒಂದು ಹುದ್ದೆ ಇಲ್ಲದಾಯಿತು. ಅದಕ್ಕೆ ಆ ಹಾಳೆಯೇ ಕಾರಣವೆಂದು ಹೇಳಲಾರೆವು; ಕಾರಣವಲ್ಲವೆಂದು ಹೇಳುವ ಧೈರ್ಯವೂ ನಮಗಿಲ್ಲ. ಚಿತ್ರ ತೆಗೆದವರ ಮೇಲೆ ಕೆಲಕಾಲ ಸಿಟ್ಟಿತ್ತು. ಆದರೆ ಅವರು ಸುಳ್ಳು ಹೇಳಿರಲಿಲ್ಲ. ದಪ್ಪಕ್ಷರದಲ್ಲಿದ್ದುದನ್ನು ಓದಿದ್ದರು ಅಷ್ಟೆ.

ಶತಮಾನೋತ್ಸವಕ್ಕೆಂದು ದಾಖಲಾತಿ ಪುಸ್ತಕಗಳನ್ನು ಗಣಕೀಕರಿಸಲು ಹೊರಟಾಗ ಈ ವಿದ್ಯೆಯನ್ನು ಅಕ್ಷರಾಭ್ಯಾಸದಿಂದ ಕಲಿಯೋಣವೆಂದು ನಿಶ್ಚಯಿಸಿದೆವು. ಕನ್ನಡ ಎಂ.ಎ. ಓದಿ ಐವತ್ತು ದಾಟಿದವರಿಗೆ ಇದೇನು ಹುಚ್ಚು ಎಂದು ಮನೆಯಲ್ಲಿ ನಕ್ಕರು. ಶಾಲೆಯ ಕಿರಿಯ ಸಹೋದ್ಯೋಗಿಗಳು ನಗಲಿಲ್ಲ. ಅವರೇ ನಮಗೆ ಗುರುಗಳಾದರು.

ಕಲಿತುದರಲ್ಲಿ ಮುಖ್ಯವಾದುದು ಇಷ್ಟು. ಕ್ಯಾಲ್ಕ್‌ನಲ್ಲಿ ಎಫ್ 11 ಗುಂಡಿಯನ್ನು ಒತ್ತಿದರೆ ಪಕ್ಕದಲ್ಲಿ ಸ್ಟೈಲ್‌ಗಳ ಪಟ್ಟಿ ತೆರೆದುಕೊಳ್ಳುತ್ತದೆ. ಸಾರಾಂಶ ಕೋಷ್ಟಕಕ್ಕೆಂದೇ ಅದರಲ್ಲಿ ಆರು ಸಿದ್ಧ ಸ್ಟೈಲ್‌ಗಳಿವೆ. ಕಾರ್ನರ್ ಎಂಬುದು ಮೂಲೆಗೆ. ಫೀಲ್ಡ್ ಎಂಬುದು 'ತರಗತಿ', 'ಮನೆಮಾತು' ಎಂಬ ಶೀರ್ಷಿಕೆಗಳಿಗೆ. ಕೆಟಗರಿ ಎಂಬುದು ಆ ಶೀರ್ಷಿಕೆಯಡಿ ಬರುವ ತುಳು, ಕೊಂಕಣಿ ಮುಂತಾದ ಹೆಸರುಗಳಿಗೆ. ವ್ಯಾಲ್ಯೂ ಎಂಬುದು ಒಳಗಿನ ಅಂಕಿಗಳಿಗೆ. ಟೈಟಲ್ ಎಂಬುದು ಮೊತ್ತಗಳ ಹೆಸರಿಗೆ. ರಿಸಲ್ಟ್ ಎಂಬುದು ಮೊತ್ತಗಳ ಅಂಕಿಗೆ. ಕೋಶಕ್ಕೆ ಬಣ್ಣ ಬಳಿಯುವ ಬದಲು ಈ ಸ್ಟೈಲ್‌ನ ಮೇಲೆ ಬಲಗುಂಡಿ ಒತ್ತಿ ಅದನ್ನೇ ತಿದ್ದಿದರೆ ಎಷ್ಟು ಸಲ ನವೀಕರಿಸಿದರೂ ಉಡುಗೆ ಕಳಚುವುದಿಲ್ಲ. ಸಾಲು ಹೆಚ್ಚಲಿ, ಕಡಿಮೆಯಾಗಲಿ, ಹೊಸ ಸಾಲು ತನ್ನ ಪಾತ್ರಕ್ಕೆ ತಕ್ಕ ವೇಷವನ್ನು ತಾನೇ ಧರಿಸಿ ಬರುತ್ತದೆ. ಯಕ್ಷಗಾನದ ಚೌಕಿಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಿರೀಟ ಇರುವುದು ಪಾತ್ರಕ್ಕೆ. ಇಂದು ಆ ಪಾತ್ರ ಮಾಡುವವರು ಯಾರು ಎಂಬುದು ಬೇರೆ ಮಾತು.

ಇದರಲ್ಲೊಂದು ತೊಡಕೂ ಇದೆ. ಒಂದು ಕಡತದಲ್ಲಿರುವ ಎಲ್ಲ ಸಾರಾಂಶ ಕೋಷ್ಟಕಗಳಿಗೂ ಈ ಆರು ಸ್ಟೈಲ್‌ಗಳೇ ಗತಿ. ದಶಕವಾರು ಕೋಷ್ಟಕದ ಮೊತ್ತವನ್ನು ದೊಡ್ಡದಾಗಿಸಿದೆವು. ಪಕ್ಕದ ಹಾಳೆಯಲ್ಲಿದ್ದ ಇನ್ನೆರಡು ಕೋಷ್ಟಕಗಳ ಮೊತ್ತಗಳೂ ಊದಿಕೊಂಡವು. ಅದನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದು: ಉಪಮೊತ್ತಕ್ಕೂ ಒಟ್ಟು ಮೊತ್ತಕ್ಕೂ ಬೇರೆ ಬೇರೆ ಸ್ಟೈಲ್ ಅಲ್ಲಿಲ್ಲ. ಎರಡಕ್ಕೂ ರಿಸಲ್ಟ್ ಒಂದೇ. ನಮ್ಮನ್ನು ಅಂದು ಮುಗ್ಗರಿಸಿದ ಕಲ್ಲು ಅದೇ ಜಾಗದಲ್ಲಿತ್ತು. ನಮ್ಮ ಹಳೆಯ ಪುಸ್ತಕಗಳಿಗೆ ತಿಳಿದಿದ್ದ ಒಂದು ಗೆರೆ, ಎರಡು ಗೆರೆಯ ಭೇದ ಈ ಯಂತ್ರಕ್ಕೆ ತಿಳಿದಿರಲಿಲ್ಲ.

ಆಗ ವಿದೇಶದಲ್ಲಿ ಉದ್ಯೋಗದಲ್ಲಿರುವ ನಮ್ಮ ಹಿರಿಯ ವಿದ್ಯಾರ್ಥಿಯೊಬ್ಬರು ರಜೆಯಲ್ಲಿ ಬಂದವರು ತಮ್ಮ ಮಡಿಲಗಣಕದಲ್ಲಿ ಎಕ್ಸೆಲ್ ತೆರೆದು ತೋರಿಸಿದರು. ಅಲ್ಲಿ ಸಿದ್ಧ ಉಡುಗೆಗಳ ಭಂಡಾರವೇ ಇದೆ. ತಿಳಿ, ಮಧ್ಯಮ, ಗಾಢ ಎಂದು ಮೂರು ವರ್ಗ. ಯಾವುದನ್ನು ಮುಟ್ಟಿದರೂ ಕೋಷ್ಟಕ ಕೂಡಲೇ ಅದನ್ನು ತೊಡುತ್ತದೆ. ಯಾವುದೂ ಒಗ್ಗದಿದ್ದರೆ ಒಂದರ ನಕಲು ಮಾಡಿ ತಿದ್ದಬಹುದು, ಇಲ್ಲವೇ ಹೊಸದನ್ನೇ ಹೊಲಿಯಬಹುದು. ಹೊಸದನ್ನು ಹೊಲಿಯುವಾಗ ಶೀರ್ಷಿಕೆ ಸಾಲು, ಪಟ್ಟೆ ಸಾಲು, ಮೊದಲ ಹಂತದ ಉಪಮೊತ್ತ, ಎರಡನೆಯ ಹಂತದ ಉಪಮೊತ್ತ, ಒಟ್ಟು ಮೊತ್ತದ ಸಾಲು ಎಂದು ಒಂದೊಂದು ಅಂಗಕ್ಕೂ ಬೇರೆ ಬೇರೆಯಾಗಿ ವಿಧಿಸಬಹುದು. ಹೀಗೆ ಮಾಡಿದ ಸ್ಟೈಲ್ ಆ ಕಡತದಲ್ಲಿ ಮಾತ್ರ ಉಳಿಯುತ್ತದೆ ಎಂಬ ಎಚ್ಚರವಿರಬೇಕು. ಒಂದು ಗೆರೆ, ಎರಡು ಗೆರೆಯನ್ನು ಅವರು ಹತ್ತು ನಿಮಿಷದಲ್ಲಿ ಎಳೆದು ತೋರಿಸಿದಾಗ ನಮಗೆ ಅಸೂಯೆಯಾದದ್ದು ನಿಜ.

ಅವರಿಗೆ ಒಪ್ಪಿಗೆಯಾದದ್ದು ಗಾಢ ನೀಲಿಯ ಮೇಲೆ ಬಿಳಿಯ ಅಕ್ಷರಗಳ ಉಡುಗೆ. ಪರದೆಯ ಮೇಲೆ ಮದುಮಗನಂತೆ ಹೊಳೆಯುತ್ತಿತ್ತು. ಅದನ್ನು ಅಚ್ಚು ತೆಗೆದು ಪೇಟೆಯಲ್ಲಿ ಜೆರಾಕ್ಸ್ ಮಾಡಿಸಿದೆವು. ಶೀರ್ಷಿಕೆಯ ಸಾಲು ಮಸಿ ಮೆತ್ತಿದ ಪಟ್ಟಿಯಾಗಿ ಬಂತು. 'ಹೆಣ್ಣು' ಎಂಬ ಶಬ್ದ ಅದರೊಳಗೆ ಮುಳುಗಿಹೋಗಿತ್ತು. ಶಾಲೆಯ ಕಾಗದಗಳ ಆಯುಷ್ಯವೆಲ್ಲ ಜೆರಾಕ್ಸಿನ ಜೆರಾಕ್ಸಿನಲ್ಲಿ ಕಳೆಯುತ್ತದೆ. ಆದುದರಿಂದ ಬಣ್ಣವನ್ನು ನಂಬಬಾರದು, ಗೆರೆಯನ್ನು ನಂಬಬೇಕು ಎಂದು ನಿರ್ಧರಿಸಿದೆವು. ಅಲ್ಲದೆ ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆಯು ಒದಗಿಸಿರುವುದು ಸ್ವತಂತ್ರ ತಂತ್ರಾಂಶ. ನಮ್ಮ ಮಕ್ಕಳು ಕಲಿಯುವುದೂ ಅದರಲ್ಲೇ. ಅವರು ತೆರೆದು ತಿದ್ದಲಾಗದ ಕಡತವನ್ನು ಮುಂದಿನ ನೂರು ವರ್ಷಕ್ಕೆ ಬಿಟ್ಟುಹೋಗುವುದು ನಮಗೆ ಸರಿ ತೋರಲಿಲ್ಲ.

ಕೊನೆಗೆ ಕಂಡುಕೊಂಡ ದಾರಿ ಇದು. ಸಾರಾಂಶ ಕೋಷ್ಟಕವನ್ನು ಒಂದು ಹಾಳೆಯಲ್ಲಿ ಅದರ ಪಾಡಿಗೆ ಬಿಟ್ಟೆವು, ಅದು ಅಡುಗೆಮನೆ. ಇನ್ನೊಂದು ಹಾಳೆಯನ್ನು ಜಗಲಿಯೆಂದು ಇಟ್ಟುಕೊಂಡೆವು. ಜಗಲಿಯ ಹಾಳೆಯ ಒಂದೊಂದು ಕೋಶವೂ ಗೆಟ್‌ಪಿವೋಟ್‌ಡೇಟಾ ಎಂಬ ಸೂತ್ರದ ಮೂಲಕ ಅಡುಗೆಮನೆಯಿಂದ ತನಗೆ ಬೇಕಾದ ಅಂಕಿಯನ್ನು ಕೇಳಿ ಪಡೆಯುತ್ತದೆ. ಆ ಜಗಲಿಗೆ ನಮ್ಮದೇ ಸ್ಟೈಲ್‌ಗಳನ್ನು ರೂಪಿಸಿದೆವು. ಅವುಗಳಿಗೆ ಕನ್ನಡದಲ್ಲಿಯೇ ಹೆಸರಿಡಬಹುದೆಂದು ತಿಳಿದಾಗ ಆದ ಹಿಗ್ಗು ಹೇಳತೀರದು. 'ಒಂದು ಗೆರೆ' ಎಂಬ ಸ್ಟೈಲ್ ಉಪಮೊತ್ತಕ್ಕೆ. ಅದರಿಂದ ಹುಟ್ಟಿದ ಮರಿ ಸ್ಟೈಲ್ 'ಎರಡು ಗೆರೆ' ಒಟ್ಟು ಮೊತ್ತಕ್ಕೆ. ತಾಯಿ ಸ್ಟೈಲ್‌ನ ಅಕ್ಷರವನ್ನು ಬದಲಾಯಿಸಿದರೆ ಮರಿಯಲ್ಲಿಯೂ ಬದಲಾಗುತ್ತದೆ. ಮರಿಗೆಂದೇ ವಿಧಿಸಿದ ಎರಡನೆಯ ಗೆರೆ ಮಾತ್ರ ಹಾಗೆಯೇ ಉಳಿಯುತ್ತದೆ. ಇಡೀ ಕಡತವನ್ನು ಮಾದರಿಯಾಗಿ, ಅಂದರೆ ಟೆಂಪ್ಲೇಟ್ ಆಗಿ ಉಳಿಸಿದ್ದೇವೆ. ಮುಂದೆ ಈ ಕುರ್ಚಿಗೆ ಬರುವವರು ಗೆರೆಗಳನ್ನು ಹೊಸದಾಗಿ ಎಳೆಯಬೇಕಾಗಿಲ್ಲ.

ಕನ್ನಡಕ್ಕೆ ಸಂಬಂಧಿಸಿದ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಇದನ್ನು ಯಾವ ತರಬೇತಿಯಲ್ಲಿಯೂ ನಮಗೆ ಯಾರೂ ಹೇಳಲಿಲ್ಲ. ಸ್ಟೈಲ್‌ನ ಅಕ್ಷರರೂಪವನ್ನು ಬದಲಾಯಿಸುವ ಕಿಟಕಿಯಲ್ಲಿ ಪಾಶ್ಚಾತ್ಯ ಲಿಪಿಗಳಿಗೆ ಒಂದು ಜಾಗ, ನಮ್ಮಂತಹ ಸಂಕೀರ್ಣ ಲಿಪಿಗಳಿಗೆ ಸಿ.ಟಿ.ಎಲ್. ಎಂಬ ಬೇರೊಂದು ಜಾಗ ಇದೆ. ಮೊದಲಿನದರಲ್ಲಿ ದಪ್ಪ, ದೊಡ್ಡದು ಎಂದು ಎಷ್ಟು ವಿಧಿಸಿದರೂ ಅಂಕಿಗಳು ಮಾತ್ರ ದಪ್ಪಗಾಗುತ್ತವೆ. ಕನ್ನಡದ ಹೆಸರು ಬಡಕಲಾಗಿಯೇ ಉಳಿಯುತ್ತದೆ. ಎರಡನೆಯ ಜಾಗದಲ್ಲಿ ಲೋಹಿತ್, ನವಿಲು ಅಥವಾ ನೋಟೋ ಎಂಬ ಕನ್ನಡ ಅಕ್ಷರರೂಪವನ್ನು ಆರಿಸಿ ಅಲ್ಲಿಯೂ ದಪ್ಪವೆಂದು ವಿಧಿಸಬೇಕು. ಸಾಲಿನ ಎತ್ತರವನ್ನು ಬಿಗಿಯಾಗಿ ನಿಗದಿಪಡಿಸಿದರೆ ಇನ್ನೊಂದು ಅನರ್ಥ: ಇಂಗ್ಲಿಷ್ ಅಕ್ಷರಕ್ಕೆ ಸಾಲುವ ಎತ್ತರದಲ್ಲಿ ನಮ್ಮ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಮೊದಲ ಪ್ರತಿಯಲ್ಲಿ 'ಒಟ್ಟು' ಎಂಬುದರ ಒತ್ತು ಮಾಯವಾಗಿ 'ಒಟು' ಎಂದಾಗಿತ್ತು. ಒಂದನೆಯ ತರಗತಿಯ ಮಗು ಹಾಗೆ ಬರೆದಿದ್ದರೆ ನಾವು ಹತ್ತು ಸಲ ಬರೆಸುತ್ತಿದ್ದೆವು.

ಗೋಡೆಯ ಮೇಲಿನ ಹಾಳೆಯನ್ನು ನೋಡುವಾಗ ಕೆಲವು ವಿಷಯಗಳನ್ನು ಗಮನಿಸಬೇಕೆಂದು ಕೋರುತ್ತೇವೆ. ಎಂಟನೆಯ ತರಗತಿಯ ಕಂಬವು ಮೇಲಿನ ಕೆಲವು ಸಾಲುಗಳಲ್ಲಿ ತುಂಬಿದ್ದು ಆಮೇಲೆ ಬರಿದಾಗಿದೆ. ಮದ್ರಾಸು ಆಡಳಿತದ ಕಾಲದ ಹೈಯರ್ ಎಲಿಮೆಂಟರಿ ಶಾಲೆಯಲ್ಲಿ ಎಂಟನೆಯ ತರಗತಿ ಇತ್ತು; ಇಂದಿನ ಯು.ಪಿ. ಏಳಕ್ಕೆ ನಿಲ್ಲುತ್ತದೆ. ಹೆಣ್ಣುಮಕ್ಕಳ ಕಂಬದ ಮೇಲ್ತುದಿಯಲ್ಲಿಯೂ ಬರಿದು ಕೋಶಗಳಿವೆ. ಗೆದ್ದಲು ತಿಂದ ಪುಸ್ತಕಗಳ ವರ್ಷಗಳಲ್ಲಿಯೂ ಬರಿದು ಕೋಶಗಳಿದ್ದವು. ಮೂರೂ ಬರಿದೇ, ಆದರೆ ಒಂದರಲ್ಲಿ ತರಗತಿ ಇರಲಿಲ್ಲ, ಒಂದರಲ್ಲಿ ಬರಬೇಕಾದವರು ಬಂದಿರಲಿಲ್ಲ, ಒಂದರಲ್ಲಿ ಬಂದವರ ಗುರುತು ಉಳಿದಿಲ್ಲ. ಇವನ್ನು ಒಂದೇ ಬಿಳುಪಿನಲ್ಲಿ ತೋರಿಸುವುದು ಅನ್ಯಾಯವೆಂದು ತೋರಿತು. ತರಗತಿಯೇ ಇಲ್ಲದಲ್ಲಿ ಅಡ್ಡಗೆರೆ ಇದೆ. ಹುಡುಗಿಯರು ಸೇರದ ವರ್ಷಗಳಲ್ಲಿ ಸೊನ್ನೆಯನ್ನು ಸ್ಪಷ್ಟವಾಗಿ ಬರೆದಿದ್ದೇವೆ. ಪುಸ್ತಕವೇ ಇಲ್ಲದಲ್ಲಿ ತಿಳಿಬೂದು ಛಾಯೆ. ಆ ಸ್ಟೈಲ್‌ಗೆ ಇಟ್ಟ ಹೆಸರು 'ಗೆದ್ದಲು'.

ಮನೆಮಾತಿನ ಕಂಬಗಳಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲವೂ ಇವೆ. ಸಪ್ತಭಾಷೆಯ ನೆಲವೆಂದು ವೇದಿಕೆಗಳಲ್ಲಿ ಹೇಳುವುದನ್ನು ಇಲ್ಲಿ ಅಂಕಿಗಳಾಗಿ ಕಾಣಬಹುದು. ಕನ್ನಡದ ಕಂಬಕ್ಕೆ ಮಾತ್ರ ಬೇರೆ ಬಣ್ಣ ಕೊಡಬೇಕೆಂಬ ಸಲಹೆ ಸಮಿತಿಯಲ್ಲಿ ಬಂದಿತ್ತು. ನಾವು ಒಪ್ಪಲಿಲ್ಲ. ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಆಡಿ ಶಾಲೆಗೆ ಬಂದು ಕನ್ನಡದಲ್ಲಿ ಕಲಿತ ಮಕ್ಕಳಿಂದಲೇ ಈ ಶಾಲೆ ಉಳಿದು ಬಂದಿದೆ. ಅವರ ಅಂಕಿಗಳನ್ನು ಮಸುಕು ಮಾಡುವ ಯಾವ ಉಡುಗೆಯೂ ನಮಗೆ ಬೇಡವಾಗಿತ್ತು. ಹಳೆಯ ಪುಸ್ತಕಗಳಲ್ಲಿ ಜಾತಿಯ ಕಂಬವೂ ಇದೆ. ಅದನ್ನು ಕೋಷ್ಟಕಕ್ಕೆ ತರಲಿಲ್ಲ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇವೆ. ಪ್ರದರ್ಶನದ ಕೊಠಡಿಯಲ್ಲಿ ಗೋಡೆಯ ಹಾಳೆಯ ಪಕ್ಕದಲ್ಲಿ ಒಂದು ಗಣಕಯಂತ್ರವನ್ನು ಇರಿಸಿದ್ದೇವೆ. ಅದರಲ್ಲಿ ಅಡುಗೆಮನೆಯ ಹಾಳೆ ತೆರೆದಿದೆ. ಅದರ ಯಾವುದೇ ಅಂಕಿಯ ಮೇಲೆ ಎರಡು ಸಲ ಒತ್ತಿದರೆ ಹೊಸ ಹಾಳೆಯೊಂದು ತೆರೆದು, ಆ ಅಂಕಿಯೊಳಗೆ ಎಣಿಕೆಯಾದ ಮಕ್ಕಳ ಹೆಸರುಗಳು ಸಾಲಾಗಿ ಬರುತ್ತವೆ. ಹುಟ್ಟಿದ ದಿನ, ಹೆತ್ತವರ ವಿವರಗಳನ್ನು ಅದರಿಂದ ತೆಗೆದಿದ್ದೇವೆ. ಹೆಸರು, ಸೇರಿದ ವರ್ಷ, ತರಗತಿ, ಮನೆಮಾತು ಮಾತ್ರ ಇವೆ. ಆ ಹೊಸ ಹಾಳೆಗೆ ಯಾವ ಸ್ಟೈಲ್ ಇಲ್ಲ, ಬರೀ ಹೆಸರುಗಳು. ನಿನ್ನೆ ಅಜ್ಜಿಯೊಬ್ಬರು ಮೊಮ್ಮಗನ ಕೈಯಲ್ಲಿ ಒತ್ತಿಸಿ ತಮ್ಮ ಹೆಸರನ್ನು ಕಂಡು, ಅದರ ಕೆಳಗಿನ ಹೆಸರನ್ನು ಬೆರಳಿನಿಂದ ತೋರಿಸಿ, "ಇವಳು ನನ್ನ ಬೆಂಚಿನವಳು" ಎಂದರು. ಯಂತ್ರದ ಬಳಿ ಏಳನೆಯ ತರಗತಿಯ ಮಕ್ಕಳಿಬ್ಬರು ಸಂಜೆ ಐದರ ತನಕ ಇರುತ್ತಾರೆ. ತಮ್ಮ ಹೆಸರಿನಲ್ಲಿ ಅಕ್ಷರ ತಪ್ಪಿದ್ದರೆ ಅವರಿಗೆ ತಿಳಿಸಿರಿ. ಪಟ್ಟಿಯನ್ನು ತಿದ್ದಿ ಆಗಲೇ ನವೀಕರಿಸುತ್ತಾರೆ.